ಹೊಸಬರಿಗೆ ಕಾಪಿಕ್ ಚಾವ್: ಸೆಟ್ ಬೇಡ, ಬಿಡಿಯಾಗಿ ಕೊಳ್ಳಿ

ಆಲ್ಕೋಹಾಲ್ ಮಾರ್ಕರ್‌ಗಳನ್ನು, ಅಂದರೆ ಆಲ್ಕೋಹಾಲ್ ಬೆರೆತ ಶಾಯಿಯಿರುವ ಬಣ್ಣದ ಪೆನ್ನುಗಳನ್ನು, ಮೊದಲ ಬಾರಿಗೆ ಕೊಳ್ಳಲು ಹೊರಟವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಎಂಬತ್ತೋ ನೂರಿಪ್ಪತ್ತೋ ಬಣ್ಣಗಳ ಅಗ್ಗದ ಸೆಟ್ಟನ್ನು ಒಮ್ಮೆಗೇ ತರಿಸಿಕೊಳ್ಳುವುದು, ಇಲ್ಲವೇ ಒಳ್ಳೆಯ ಕಂಪನಿಯ ಆರೇಳು ಮಾರ್ಕರ್‌ಗಳನ್ನು ಬಿಡಿಯಾಗಿ ಆರಿಸಿಕೊಳ್ಳುವುದು. ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಒಲವು ಎರಡನೆಯದರ ಕಡೆಗಿದೆ. ಅದಕ್ಕೆ ಮುಖ್ಯ ಕಾರಣ ಕಾಪಿಕ್ ಚಾವ್.

ಜಪಾನಿನ ಟೂ ಕಂಪನಿ 1987ರಲ್ಲಿ ಮಾರುಕಟ್ಟೆಗೆ ತಂದ ಕಾಪಿಕ್ ಮಾರ್ಕರ್‌ಗಳಲ್ಲಿ ಚಾವ್ ಕಡಿಮೆ ಬೆಲೆಯ ಮಾದರಿ. ಕಂಪನಿಯ ದುಬಾರಿ ಮಾದರಿಯಾದ ಸ್ಕೆಚ್ 358 ಬಣ್ಣಗಳಲ್ಲಿ ಸಿಕ್ಕರೆ ಚಾವ್ 180ರಲ್ಲಿ ಸಿಗುತ್ತದೆ. ಒಳಗಿನ ಶಾಯಿಯ ಪ್ರಮಾಣವೂ ಸ್ವಲ್ಪ ಕಡಿಮೆ. ಆದರೆ ಶಾಯಿಯ ಗುಣ ಒಂದೇ. ಒಂದು ತುದಿಗೆ ಕುಂಚದಂತೆ ಬಾಗುವ ಮೊನೆ, ಇನ್ನೊಂದು ತುದಿಗೆ ಅಗಲ ಮೊನೆ ಇರುವುದೂ ಒಂದೇ. ಆ ಕುಂಚದ ಮೊನೆಗಾಗಿಯೇ ಹೆಚ್ಚಿನ ಹಣ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಒತ್ತಿದರೆ ದಪ್ಪ ಗೆರೆ, ಹಗುರವಾಗಿ ಎಳೆದರೆ ಕೂದಲೆಳೆಯ ಗೆರೆ ಬರುತ್ತದೆ. ಮೂಗಿನ ಪಕ್ಕದ ನೆರಳಿನಂತಹ ಚಿಕ್ಕ ಜಾಗದಲ್ಲಿ ಗಟ್ಟಿ ಮೊನೆಯಿಂದ ಈ ಕೆಲಸ ಆಗುವುದಿಲ್ಲ. ಒಂದು ಕೊರತೆಯನ್ನೂ ಹೇಳಬೇಕು: ಚಾವ್‌ನ ಮೈ ದುಂಡಗಿರುವುದರಿಂದ ಓರೆಯಾಗಿಟ್ಟ ಡ್ರಾಯಿಂಗ್ ಬೋರ್ಡಿನ ಮೇಲೆ ಅದು ನಿಲ್ಲುವುದಿಲ್ಲ.

ನಾನು ಮೊದಲು ಕೊಂಡ ಅಗ್ಗದ ಸೆಟ್ಟಿನಲ್ಲಿ ಹಸಿರು ಬಣ್ಣಗಳೇ ಹತ್ತಾರಿದ್ದವು, ಆದರೆ ಒಂದರಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯುವಂತಹ ಮೂರು ಹಸಿರುಗಳನ್ನು ಅದರಲ್ಲಿ ಹುಡುಕುವುದು ಕಷ್ಟವಿತ್ತು. ಮುಚ್ಚಳದ ಬಣ್ಣಕ್ಕೂ ಹಾಳೆಯ ಮೇಲೆ ಮೂಡುವ ಬಣ್ಣಕ್ಕೂ ತಾಳೆಯೇ ಇರಲಿಲ್ಲ. ಕಾಪಿಕ್‌ನಲ್ಲಿ ಆಯ್ಕೆಗೆ ಒಂದು ಕ್ರಮವಿದೆ. ಇಂಗ್ಲಿಷ್ ಅಕ್ಷರ ಬಣ್ಣದ ಕುಟುಂಬವನ್ನೂ, ಮೊದಲ ಅಂಕಿ ಬಣ್ಣ ಎಷ್ಟು ಮಾಸಲು ಎಂಬುದನ್ನೂ, ಕೊನೆಯ ಅಂಕಿ ಎಷ್ಟು ಗಾಢ ಎಂಬುದನ್ನೂ ಸೂಚಿಸುತ್ತವೆ. ಆದ್ದರಿಂದ ಅಕ್ಷರವೂ ಮೊದಲ ಅಂಕಿಯೂ ಒಂದೇ ಆಗಿದ್ದು, ಕೊನೆಯ ಅಂಕಿಯಲ್ಲಿ ಎರಡು ಮೂರರ ಅಂತರವಿರುವ ಛಾಯೆಗಳನ್ನು ಆರಿಸಿದರೆ ಅವು ಒಂದರೊಳಗೊಂದು ಸುಲಭವಾಗಿ ಬೆರೆಯುತ್ತವೆ. ಮೈಬಣ್ಣದ್ದೆಂದು ಮಾರುವ ಎಷ್ಟೋ ಸೆಟ್ಟುಗಳಲ್ಲಿ ತಿಳಿ ಗುಲಾಬಿಯೇ ಹೆಚ್ಚು. ನಮ್ಮ ಮನೆಮಂದಿಯ ಮುಖ ಬಿಡಿಸಬೇಕಾದರೆ ಮಣ್ಣಿನ ಬಣ್ಣಗಳ ಕುಟುಂಬವಾದ ಇ (E)ಯಲ್ಲಿನ ಇ 33, ಇ 35, ಇ 37 ಈ ಮೂರರಿಂದ ಆರಂಭಿಸುವುದು ಒಳ್ಳೆಯದು.

ಬೆರೆಸುವ ಬಗೆ ಹೀಗೆ. ಮೊದಲು ತಿಳಿಯಾದ ಇ 33ನ್ನು ಕೆನ್ನೆಯ ತುಂಬ ಹಚ್ಚಬೇಕು, ಅದು ಹಸಿಯಿರುವಾಗಲೇ ದವಡೆಯ ಅಂಚಿಗೆ ಇ 35 ಕೊಡಬೇಕು, ಬಳಿಕ ಮತ್ತೆ ಇ 33ನ್ನೇ ತೆಗೆದುಕೊಂಡು ಎರಡೂ ಸೇರುವ ಗಡಿಯ ಮೇಲೆ ಸಣ್ಣ ಸುತ್ತುಗಳಲ್ಲಿ ಆಡಿಸಬೇಕು. ಗಡಿ ಕರಗುವುದು ಕಣ್ಣೆದುರೇ ಕಾಣುತ್ತದೆ. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಈ ಕೆಲಸ ಮಾಡಿದರೆ ಎರಡನೆಯ ಬಣ್ಣ ಬರುವುದರೊಳಗೆ ಮೊದಲನೆಯದು ಆರಿರುತ್ತದೆ. ತಿಳಿ ಬಣ್ಣದ ಮೊನೆಗೆ ಗಾಢ ಬಣ್ಣ ಅಂಟಿಕೊಂಡರೆ ಗಾಬರಿ ಬೇಡ. ರದ್ದಿ ಹಾಳೆಯ ಮೇಲೆ ನಾಲ್ಕು ಗೆರೆ ಗೀಚಿದರೆ ಮೊನೆ ತಿಳಿಯಾಗುತ್ತದೆ.

ಹಾಳೆಯ ವಿಷಯದಲ್ಲಿ ಜಿಪುಣತನ ಸಲ್ಲದು. ಜೆರಾಕ್ಸ್ ಹಾಳೆಯಲ್ಲಿ ಶಾಯಿ ಗೆರೆ ದಾಟಿ ಹರಡುತ್ತದೆ, ಹಿಂಬದಿಗೂ ಇಳಿದು ಕೆಳಗಿನ ಹಾಳೆಯನ್ನು ಕೆಡಿಸುತ್ತದೆ. ತರಿತರಿಯಾದ ಜಲವರ್ಣದ ಹಾಳೆ ಶಾಯಿಯನ್ನು ಹೀರುವುದಲ್ಲದೆ ಮೊನೆಯನ್ನೂ ಸವೆಸುತ್ತದೆ. ನಮ್ಮಲ್ಲಿ ಬ್ರುಸ್ಟ್ರೋದಂತಹ ಕಂಪನಿಗಳ ಮಾರ್ಕರ್ ಪ್ಯಾಡುಗಳು (ಮಾರ್ಕರ್‌ಗೆಂದೇ ಮಾಡಿದ ಹಾಳೆಗಳ ಕಟ್ಟು) ಸಿಗುತ್ತವೆ, ಇಲ್ಲವೇ ಬ್ರಿಸ್ಟಲ್ ಎಂಬ ದಪ್ಪನೆಯ ನುಣುಪಾದ ಹಾಳೆಯೂ ಆದೀತು. ಮಾರ್ಕರ್ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ಈ ಹಾಳೆ ಮಾತ್ರ ಇರಲಿ. ಗೆರೆಗಳಿಗೆ ಸಕುರಾ ಪಿಗ್ಮಾ ಮೈಕ್ರಾನ್‌ನಂತಹ ಪೆನ್ ಬಳಸಿ, ಗೆರೆ ಚೆನ್ನಾಗಿ ಆರಿದ ಮೇಲೆ ಬಣ್ಣ ಹಚ್ಚಬೇಕು. ಸಾಮಾನ್ಯ ಜೆಲ್ ಪೆನ್ನಿನ ಗೆರೆ ಕಲೆಸಿಹೋಗುತ್ತದೆ.

ಆರೈಕೆ ಕಷ್ಟದ್ದಲ್ಲ. ಎರಡೂ ಮೊನೆಗಳಿಗೆ ಶಾಯಿ ಸಮನಾಗಿ ತಲುಪಲೆಂದು ಮಾರ್ಕರನ್ನು ಮಲಗಿಸಿಡಬೇಕು. ಪೆನ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಮೇಲಿನ ಮೊನೆಗೆ ಶಾಯಿ ಕಡಿಮೆ ತಲುಪಬಹುದು. ಮುಚ್ಚಳ ಟಕ್ಕೆಂದು ಕೂರುವವರೆಗೆ ಒತ್ತಬೇಕು. ಬಿಸಿಲು ಬೀಳುವ ಕಿಟಕಿ, ನಿಲ್ಲಿಸಿದ ಕಾರು, ಒಲೆಯ ಹತ್ತಿರದ ಜಾಗ, ಈ ಮೂರೂ ವರ್ಜ್ಯ: ಶಾಯಿ ಆರುವುದಷ್ಟೇ ಅಲ್ಲ, ಅದು ಬೆಂಕಿ ಹತ್ತುವಂಥದ್ದು. ಬಣ್ಣ ಹಚ್ಚುವಾಗ ಕೋಣೆಯಲ್ಲಿ ಗಾಳಿಯಾಡಲಿ. ಗೆರೆ ಬಿಟ್ಟುಬಿಟ್ಟು ಬರತೊಡಗಿದರೆ ಶಾಯಿ ಮುಗಿಯುತ್ತಿದೆ ಎಂದು ತಿಳಿಯಬೇಕು. ಆಗ ಅದೇ ಬಣ್ಣದ ಕಾಪಿಕ್ ಶಾಯಿಯ 12 ಮಿಲಿಲೀಟರ್‌ನ ಬಾಟಲಿಯಿಂದ ಅಗಲ ಮೊನೆಯ ಮೇಲೆ ಹನಿಹನಿಯಾಗಿ ತುಂಬಿಸಿಕೊಳ್ಳಬಹುದು, ಒಂದು ಬಾಟಲಿ ಹಲವು ಸಲಕ್ಕೆ ಬರುತ್ತದೆ. ಅವಸರ ಮಾಡಿದರೆ ಕುಂಚದ ಕಡೆಯಿಂದ ತೊಟ್ಟಿಕ್ಕುತ್ತದೆ. ಸವೆದ ಮೊನೆಯನ್ನು ಚಿಮುಟದಿಂದ ಎಳೆದು ಹೊಸದನ್ನು ಕೂರಿಸಬಹುದು. ಅಗ್ಗದ ಸೆಟ್ಟುಗಳಲ್ಲಿ ಈ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಚ್ಚುಮೆಚ್ಚಿನ ಬಣ್ಣ ಮುಗಿದ ದಿನ ಪೂರ್ತಿ ಸೆಟ್ಟನ್ನೇ ಮತ್ತೆ ಕೊಳ್ಳಬೇಕಾಗುತ್ತದೆ. ಆ ಲೆಕ್ಕ ಹಾಕಿದರೆ ಚಾವ್ ದುಬಾರಿಯೆನಿಸದು.

ಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲೆಂದು ಬರೆಯುವವರು ಮಾತ್ರ ಇನ್ನೊಮ್ಮೆ ಯೋಚಿಸಬೇಕು. ಬೆಲೆ ಎಷ್ಟೇ ಇರಲಿ, ಕರಗುವ ಬಣ್ಣದಿಂದ ತಯಾರಾದ ಈ ಶಾಯಿ ಬೆಳಕಿಗೆ ಮಾಸುತ್ತದೆ. ಮೂಲ ಚಿತ್ರವನ್ನು ಸ್ಕ್ಯಾನ್ ಮಾಡಿಸಿ ಫೈಲಿನಲ್ಲಿಟ್ಟು, ಗೋಡೆಗೆ ಅದರ ಮುದ್ರಿತ ಪ್ರತಿಯನ್ನು ಹಾಕುವುದು ಲೇಸು.