ಬೇಲೆಕೇರಿಯ ಉಪ್ಪುಗಾಳಿಯಲ್ಲಿ 8 ವರ್ಷ: ನನ್ನ ಹ್ಯಾಮ್ ಸ್ಟೇಷನ್ ಹೇಗೆ ಬಾಳಿತು

ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದು ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವ ಹವ್ಯಾಸ. ಅದರ ಹುಚ್ಚು ಹಿಡಿಸಿಕೊಂಡವರು ಮೊದಲು ಕೇಳುವುದು "ಯಾವ ಸೆಟ್ ತಗೊಳ್ಳಲಿ?" ಎಂದು. 8 ವರ್ಷ ಬಳಸಿದ ಮೇಲೆ ನಾನು ಹೇಳುವುದು: ಸೆಟ್ಟಿಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲು ತೆಗೆದು ಆಂಟೆನಾಕ್ಕೆ ಹೋಗುವ ಕೇಬಲ್ಲಿಗೆ ಹಾಕಿ. ಕಡಲ ದಡದವರಾದರೆ ಎರಡು ಪಾಲು ತೆಗೆಯಿರಿ.

ನಮ್ಮ ಮನೆ ಅಂಕೋಲೆ ತಾಲೂಕಿನ ಬೇಲೆಕೇರಿಯಲ್ಲಿ. ಹಿತ್ತಿಲು ದಾಟಿದರೆ ಮರಳು, ಮರಳು ದಾಟಿದರೆ ಸಮುದ್ರ. 2017ರಲ್ಲಿ ಸೆಕೆಂಡ್‌ಹ್ಯಾಂಡ್ ಯಾಯೆಸು ಎಫ್‌ಟಿ-857ಡಿ ತಂದೆ. ಎಚ್‌ಎಫ್‌ನಲ್ಲಿ, ಅಂದರೆ ದೂರದೇಶ ಮುಟ್ಟುವ ಶಾರ್ಟ್‌ವೇವ್‌ನಲ್ಲಿ, 100 ವ್ಯಾಟ್, 2 ಮೀಟರ್ ಬ್ಯಾಂಡಿನಲ್ಲಿ 50, 70 ಸೆಂಟಿಮೀಟರಿನಲ್ಲಿ 20. ಇಷ್ಟೆಲ್ಲ ಒಂದು ಪುಟ್ಟ ಪೆಟ್ಟಿಗೆಯೊಳಗೆ. ಇವತ್ತಿನವರೆಗೆ ಅದರ ಒಂದು ಸ್ಕ್ರೂ ಬಿಚ್ಚಿಲ್ಲ. ಅದರ ಬಗ್ಗೆ ಇಷ್ಟು ಸಾಕು. ಬರೆಯಬೇಕಾದದ್ದು ಗೋಡೆಯ ಆಚೆ ನಿಂತಿರುವ ತಂತಿಯ ಬಗ್ಗೆ.

14 ಮೆಗಾಹರ್ಟ್ಸ್‌ಗೆ, ಅಂದರೆ 20 ಮೀಟರ್ ಬ್ಯಾಂಡಿಗೆ, ಕಾಲು ತರಂಗ ಎಂದರೆ ಸುಮಾರು 5 ಮೀಟರ್. ಮನೆ ವೈರಿಂಗಿನ ಪಿವಿಸಿ ತಂತಿಯನ್ನು ಅಷ್ಟುದ್ದ ಕತ್ತರಿಸಿ ಬಿದಿರಿನ ಗಳಕ್ಕೆ ಕಟ್ಟಿ ನಿಲ್ಲಿಸಿದೆ. ಬುಡದಲ್ಲಿ ಅಷ್ಟೇ ಉದ್ದದ ನಾಲ್ಕು ತಂತಿಗಳನ್ನು ಮರಳಿನ ಮೇಲೆ ಹರಡಿದೆ. ಅಷ್ಟೇ. ಸಾಮಾನ್ಯ ನೆಲದ ಮೇಲೆ ಇಂಥ ನೆಟ್ಟಗಿನ ಆಂಟೆನಾ ಅಷ್ಟೇನೂ ಕೆಲಸ ಮಾಡುವುದಿಲ್ಲ, ಶಕ್ತಿಯ ದೊಡ್ಡ ಪಾಲು ಮಣ್ಣಿಗೆ ಹೋಗುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ. ಹಾಗಾಗಿ ದಿಗಂತಕ್ಕೆ ಅಂಟಿಕೊಂಡಂತೆ ಹೊರಡುವ ತರಂಗ ಹೆಚ್ಚು ನಷ್ಟವಾಗದೆ ಹೋಗುತ್ತದೆ. ತಗ್ಗಿನ ಕೋನದಲ್ಲಿ ಹೋದಷ್ಟೂ ಅಯಾನುಗೋಳದಿಂದ (ರೇಡಿಯೊ ತರಂಗವನ್ನು ನೆಲದತ್ತ ಮರಳಿಸುವ ಮೇಲಿನ ವಾಯುಪದರ) ಬೀಳುವ ಮೊದಲ ನೆಗೆತ ಉದ್ದ, ಹೆಚ್ಚೆಂದರೆ 4000 ಕಿಮೀ. ಸೂರ್ಯ ಮುಳುಗುವ ಹೊತ್ತಿಗೆ ಪೂರ್ವ ಆಫ್ರಿಕಾ, ರಿಯೂನಿಯನ್ ದ್ವೀಪ, ದಕ್ಷಿಣ ಯುರೋಪು ಪಕ್ಕದ ಓಣಿಯವರ ಹಾಗೆ ಕೇಳಿಸುತ್ತವೆ. ಪೂರ್ವಕ್ಕೆ ಮಾತ್ರ ಘಟ್ಟ ಅಡ್ಡ. ಜಪಾನಿನವರು ನನಗೆ ಕೇಳಿಸುವಾಗಲೂ ಅವರಿಗೆ ನಾನು ಕೇಳಿಸಲು ಮೂರು ನಾಲ್ಕು ಸಲ ಕರೆಯಬೇಕು.

ಇನ್ನು ಉಪ್ಪಿನ ವಿಷಯ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸಾಗುತ್ತಿದೆ ಎಂಬುದರ ಅಳತೆ, 1ರ ಹತ್ತಿರವಿದ್ದಷ್ಟೂ ಒಳ್ಳೆಯದು) 1.3ರಿಂದ 3ರ ಮೇಲೆ ಹೋಯಿತು. ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಪುಡಿ. ಕೋಯಾಕ್ಸ್ ಕೇಬಲ್ಲಿನ ಹೊರಸುತ್ತಿನ ತಂತಿಯ ಹೆಣಿಗೆ ಎರಡು ಅಡಿ ಒಳಗಿನವರೆಗೂ ಕಪ್ಪಾಗಿತ್ತು. ಬತ್ತಿ ಎಣ್ಣೆ ಹೀರುವಂತೆ ನೀರು ಹೀರಿಕೊಂಡಿತ್ತು. ಅಲ್ಯೂಮಿನಿಯಂ ಪಟ್ಟಿಗೆ ತಾಮ್ರದ ತಂತಿಯನ್ನು ನೇರ ಬಿಗಿದ ಜಾಗದಲ್ಲಿ ಪಟ್ಟಿಯೇ ತಿಂದುಹೋಗಿತ್ತು. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಬಿದ್ದರೆ ಅದು ಬ್ಯಾಟರಿಯೇ.

ಪಕ್ಕದ ಮನೆಯ ಅಣ್ಣ ದೋಣಿಗೆ ಹೋಗುವವರು. ನೋಡಿ ಹೇಳಿದರು, "ಮಾಸ್ತರ್ರೆ, ಕಬ್ಬಿಣದ ಬೋಲ್ಟ್ ಯಾಕೆ ಹಾಕಿದ್ರಿ? ಸ್ಟೇನ್‌ಲೆಸ್ ಹಾಕಿ, ಗ್ರೀಸ್ ಬಳಿರಿ. ನಮ್ಮ ಇಂಜಿನ್ನಿಗೆ ನಾವು ಮಾಡೂದೂ ಅದೇ." ಗಳವನ್ನು ಬಿಗಿಯಲು ಅವರೇ ಹಳೆಯ ನೈಲಾನ್ ಹಗ್ಗ ಕೊಟ್ಟರು. ಆ ಹಗ್ಗ ಇನ್ನೂ ಗಟ್ಟಿಯಿದೆ. ಅವರ ಮಾತು ಕೇಳಿದ ಮೇಲೆ ಪ್ರತಿ ಜೋಡಣೆಗೆ ಗ್ರೀಸ್, ಅದರ ಮೇಲೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪು, ಅದರ ಮೇಲೆ ಪಿವಿಸಿ ಟೇಪು. ಕೇಬಲ್ ಮನೆಯೊಳಗೆ ಹೋಗುವಲ್ಲಿ ಒಂದು ಇಳಿಬಳಸು ಬಿಟ್ಟಿದ್ದೇನೆ, ಹನಿ ಅಲ್ಲೇ ತೊಟ್ಟಿಕ್ಕಲಿ ಎಂದು. ಇಷ್ಟಾದರೂ ಎರಡು ವರ್ಷಕ್ಕೊಮ್ಮೆ ಕೇಬಲ್ ಬದಲಿಸುವುದು ತಪ್ಪಿಲ್ಲ. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಕೇಬಲ್ ಕಿತ್ತು ಕಿಟಕಿಯ ಆಚೆ ಹಾಕುವುದನ್ನು ಒಂದು ದಿನವೂ ಮರೆಯಬೇಡಿ.

ಹ್ಯಾಮ್‌ಗಳ ಮಾತನ್ನು ಮೇಲಿನಿಂದ ಮರಳಿ ಬಿತ್ತರಿಸುವ ಉಪಗ್ರಹಗಳಿವೆ. ಉಪಗ್ರಹದ ಕೆಲಸಕ್ಕೆ ಇಷ್ಟು ಸಾಹಸ ಬೇಡ. ಪ್ಲಂಬಿಂಗ್ ಪೈಪಿಗೆ ಹಳೆಯ ಸ್ಟೀಲ್ ಅಳತೆ ಟೇಪಿನ ತುಂಡುಗಳನ್ನು ಕಟ್ಟಿದ ಯಾಗಿ (ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ), ಜೊತೆಗೆ ಎರಡು ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್: ಒಂದು ಮಾತಾಡಲು, ಇನ್ನೊಂದು ಕೇಳಲು. ಮಾತಾಡುವಾಗಲೇ ನನ್ನ ದನಿ ಮೇಲಿನಿಂದ ಮರಳಿ ಬರುವುದು ಕೇಳಿಸಬೇಕು, ಇಲ್ಲದಿದ್ದರೆ ಕತ್ತಲಲ್ಲಿ ಕಲ್ಲೆಸೆದಂತೆ. ನಾನು ಮೊದಲು ಹಿಡಿದದ್ದು ಎಸ್‌ಒ-50. 2002ರ ಡಿಸೆಂಬರಿನಲ್ಲಿ ಹಾರಿದ ಸೌದಿ ಉಪಗ್ರಹ. 145.850 ಮೆಗಾಹರ್ಟ್ಸ್‌ಗೆ ಮೊದಲು 74.4 ಹರ್ಟ್ಸ್ ಟೋನ್ ಕೊಟ್ಟು ಎಬ್ಬಿಸಬೇಕು. ಹತ್ತು ನಿಮಿಷ ಎಚ್ಚರವಿರುತ್ತದೆ. ಆಮೇಲೆ 67 ಹರ್ಟ್ಸ್ ಟೋನಿನೊಂದಿಗೆ ಮಾತು. ಕೇಳುವುದು 436.795ರಲ್ಲಿ. ಅದರ ಟ್ರಾನ್ಸ್‌ಮಿಟರ್ ಶಕ್ತಿ ಬರೀ ಕಾಲು ವ್ಯಾಟ್! ಟಾರ್ಚಿನ ಬಲ್ಬಿಗೂ ಸಾಲದ ಶಕ್ತಿ ನೂರಾರು ಕಿಲೊಮೀಟರ್ ಮೇಲಿನಿಂದ ನನ್ನ ಅಳತೆ ಟೇಪಿಗೆ ಬಂದು, ಅದರೊಳಗೆ ಶ್ರೀಲಂಕಾದ ಒಬ್ಬರು ನನ್ನ ಕಾಲ್‌ಸೈನ್ (ಹ್ಯಾಮ್‌ಗೆ ಕೊಡುವ ಗುರುತಿನ ಸಂಕೇತ) ಹೇಳಿದ ಸಂಜೆ ಕೈ ನಡುಗುತ್ತಿತ್ತು. ಮಾತಾಡಿದವರನ್ನು ಬರೆದಿಡುವ ಲಾಗ್ ಪುಸ್ತಕದಲ್ಲಿ ಆ ಸಾಲಿನ ಅಕ್ಷರ ಇವತ್ತಿಗೂ ಸೊಟ್ಟಗಿದೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ಕೇಳಿದ್ದನ್ನು ಮರಳಿ ಬಿತ್ತರಿಸುವ ರೇಡಿಯೊ) ಇನ್ನೂ ಸುಲಭ. 145.990ಕ್ಕೆ 67 ಹರ್ಟ್ಸ್ ಟೋನಿನೊಂದಿಗೆ ಕಳಿಸಿ, 437.800ರಲ್ಲಿ ಕೇಳಿ. ನಿಲ್ದಾಣ ನಮ್ಮ ಕಡೆ ಬರುವಾಗ 437.810ರ ಹತ್ತಿರ ಶುರುಮಾಡಿ, ಅದು ದೂರ ಹೋದಂತೆ 437.790ರತ್ತ ಇಳಿಯಬೇಕು. ಡಾಪ್ಲರ್ ಪರಿಣಾಮವನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ. ಗುಂಡಿ ತಿರುಗಿಸುತ್ತ ಬೆರಳಲ್ಲಿ ಕಂಡದ್ದು ಇಲ್ಲೇ. ಎತ್ತರದ ಪಾಸ್ ಆದರೆ ದಿಗಂತದಿಂದ ದಿಗಂತಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಕಾಲ್‌ಸೈನ್, ಗ್ರಿಡ್ (ಭೂಪಟದ ಚೌಕದ ಸಂಕೇತ), 73 (ಹ್ಯಾಮ್‌ಗಳ ವಿದಾಯದ ಮಾತು) ಹೇಳಿ ಜಾಗ ಬಿಡಬೇಕು. ನಮ್ಮ ಗ್ರಿಡ್ ಎಂಕೆ74. ಕಾರವಾರ, ಅಂಕೋಲೆ, ಕುಮಟೆ, ಶಿರಸಿ ಎಲ್ಲ ಅದರೊಳಗೇ. ಗ್ರಿಡ್ ಸಂಗ್ರಹಿಸುವವರಿಗೆ ಎಂಕೆ74 ಎಂದರೆ ಖುಷಿ, ಕರೆದು ಕರೆದು ಕೇಳುತ್ತಾರೆ.

ಒಂದು ಕೊರಗು ಉಳಿದಿದೆ. 2005ರ ಮೇ 5ರಂದು ಇಸ್ರೊ ಪಿಎಸ್‌ಎಲ್‌ವಿ-ಸಿ6ರಲ್ಲಿ ಹ್ಯಾಮ್‌ಗಳಿಗೆಂದೇ ನಮ್ಮದೇ ಉಪಗ್ರಹ ಹ್ಯಾಮ್‌ಸ್ಯಾಟ್ ಹಾರಿಸಿತ್ತು. 2014ರ ಜುಲೈವರೆಗೆ ದುಡಿದು, ಬ್ಯಾಟರಿ ಸೋತು ಸುಮ್ಮನಾಯಿತು. ಅದರ ದನಿ ಕೇಳುವ ಯೋಗ ನನಗಿರಲಿಲ್ಲ.

ಆಕಾಶದಲ್ಲಿ ಒಂದೇ ಕಡೆ ನಿಂತಂತಿರುವ ಕತಾರಿನ ಭೂಸ್ಥಿರ ಉಪಗ್ರಹದ ಹ್ಯಾಮ್ ರಿಪೀಟರ್ ಕ್ಯೂಒ-100 ಮಾತ್ರ ದಿನವಿಡೀ ಸಿಗುತ್ತದೆ. ಯಾರೋ ಬಿಸಾಡಿದ ಡಿಟಿಎಚ್ ಡಿಶ್ಶನ್ನು ಪಶ್ಚಿಮದಿಂದ ಸ್ವಲ್ಪ ದಕ್ಷಿಣಕ್ಕೆ, ಕಡಲಿನಿಂದ ಸುಮಾರು 33 ಡಿಗ್ರಿ ಮೇಲಕ್ಕೆ ತಿರುಗಿಸಿದೆ. ಅಡ್ಡಕ್ಕೆ ಒಂದು ತೆಂಗಿನ ಗರಿಯೂ ಇಲ್ಲ. 10489.5 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಬ್ರೆಜಿಲ್‌ನಿಂದ ಥೈಲ್ಯಾಂಡ್‌ವರೆಗಿನವರ ಮಾತು. ನಾನು ಅದರಲ್ಲಿ ಕೇಳುಗ ಮಾತ್ರ. ರಾತ್ರಿ ಊಟವಾದ ಮೇಲೆ ಆಯಿಯೂ ಬಂದು ಕೂರುತ್ತಾಳೆ. ಭಾಷೆ ತಿಳಿಯದಿದ್ದರೂ "ಈ ಅಜ್ಜ ಇವತ್ತೂ ಬಂದಾನಲಾ" ಎಂದು ದನಿಯ ಗುರುತು ಹಿಡಿಯುತ್ತಾಳೆ.

ಶಿರಸಿಯ ಬಳಿ ಮಾವನ ಮನೆ ಅಡಿಕೆ ತೋಟದ ತಗ್ಗಿನಲ್ಲಿದೆ. ಅಲ್ಲಿಗೆ ಹ್ಯಾಂಡಿ ಒಯ್ದು ಕೇಳಿ ನೋಡಿದೆ. ನಿಲ್ದಾಣ ನೆತ್ತಿಗೆ ಹತ್ತಿರ ಬಂದಾಗ ಮೂರ್ನಾಲ್ಕು ನಿಮಿಷ, ಉಳಿದಂತೆ ಗುಡ್ಡ ನುಂಗುತ್ತದೆ. ಆದರೆ ಎಷ್ಟು ನಿಶ್ಶಬ್ದ! ನಮ್ಮಲ್ಲಿ ಎಲ್‌ಇಡಿ ಬಲ್ಬು, ಇನ್ವರ್ಟರುಗಳ ಗೊರಗೊರ ತಪ್ಪದು. ಕರೆಂಟು ಹೋದಾಗ 12 ವೋಲ್ಟಿನ ಬ್ಯಾಟರಿಯಲ್ಲಿ ಕೂತರೆ, ಗದ್ದಲ ಇಳಿದು ಅಡಿಯಲ್ಲಿದ್ದ ದನಿಗಳು ಮೇಲೇಳುತ್ತವೆ. ಊರಿಗೆಲ್ಲ ಬೇಸರವಾಗುವ ಆ ಹೊತ್ತು ನನಗೆ ಅತಿ ಪ್ರಿಯ.

ಮೊದಲ ಮೂರು ವರ್ಷ ಸೂರ್ಯನ ಕಲೆಗಳು ಕಡಿಮೆಯಿದ್ದವು. ಅವು ಕಡಿಮೆಯಾದರೆ ಅಯಾನುಗೋಳ ಸೊರಗುತ್ತದೆ. 10 ಮೀಟರ್ ಬ್ಯಾಂಡ್ ಸತ್ತಂತಿತ್ತು. 2023ರಿಂದ ಅದೇ ಬ್ಯಾಂಡಿನಲ್ಲಿ 10 ವ್ಯಾಟಿಗೂ ಯುರೋಪು ಸಿಕ್ಕಿತು. 2024ರ ಮೇ 11ರಂದು ಎಚ್‌ಎಫ್ ಪೂರ್ತಿ ಮೌನ. ತಂತಿ ಕಡಿದಿರಬೇಕೆಂದು ಗಳ ಇಳಿಸಿ ಎಲ್ಲ ಜೋಡಣೆ ಬಿಚ್ಚಿ ಬೆಸುಗೆ ಹಾಕಿದೆ. ಅದು ಭಾರಿ ಸೌರ ಬಿರುಗಾಳಿಯ ದಿನ ಎಂದು ತಿಳಿದದ್ದು ಸಂಜೆ.

ಹೊಸಬರಿಗೆ ಎರಡು ಮಾತು. ಲೈಸೆನ್ಸ್ ಇಲ್ಲದೆ ಪಿಟಿಟಿ, ಅಂದರೆ ಮಾತಾಡಲು ಒತ್ತುವ ಗುಂಡಿ, ಒತ್ತಬೇಡಿ. ಪರೀಕ್ಷೆ ನಡೆಸುವುದು ಕೇಂದ್ರದ ಡಬ್ಲ್ಯುಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ವಿಭಾಗ. ನಾನು ಜನರಲ್ ಗ್ರೇಡ್ ಬರೆದಾಗ ಮೋರ್ಸ್ ನಿಮಿಷಕ್ಕೆ 8 ಪದ ಬೇಕಿತ್ತು. ಐಎನ್‌ಎಸ್ ಕದಂಬ ನೌಕಾನೆಲೆಯಿರುವ ಕರಾವಳಿ ಇದು, ಆಂಟೆನಾ ಕಂಡರೆ ಯಾರಾದರೂ ವಿಚಾರಿಸುವುದು ಸಹಜ. ನನ್ನ ಲೈಸೆನ್ಸಿನ ಪ್ರತಿ ಸೆಟ್ಟಿನ ಮೇಲಿನ ಗೋಡೆಯಲ್ಲೇ ಇದೆ.

ಭೂಮಿಯ ಗೋಲದಲ್ಲಿ ನಮ್ಮೂರಿನ ನೇರ ಆಚೆ ಬದಿ ಪೆಸಿಫಿಕ್ ಸಾಗರ. ಅಲ್ಲಿಗೆ ಹತ್ತಿರದ, ಜನ ವಾಸಿಸುವ ನೆಲ ಈಸ್ಟರ್ ದ್ವೀಪ. ಅದೊಂದು ಇನ್ನೂ ಲಾಗಿಗೆ ಬಂದಿಲ್ಲ. ಈ ಬೇಸಿಗೆಯಲ್ಲಿ ಗಳ ಬದಲಿಸಿ, 15 ಮೀಟರ್ ಬ್ಯಾಂಡಿಗೂ ಒಂದು ತಂತಿ ಕಟ್ಟುವವನಿದ್ದೇನೆ. ಅಣ್ಣ ಆಗಲೇ ಹೊಸ ಹಗ್ಗ ತೆಗೆದಿಟ್ಟಿದ್ದಾರೆ.