ಕೌಬಾಯ್ ನೋಡಲು ಹೋಗಿ ಬೀಗ ನೋಡಿ ಬಂದೆವು: ಯೆಲ್ಲೋಸ್ಟೋನ್ ಪ್ಯಾಕೇಜ್ ತಗೊಳ್ಳೋರು ಒಮ್ಮೆ ಓದಿ

ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಅಮೆರಿಕದ ವಯೋಮಿಂಗ್ ರಾಜ್ಯದ ಕಡೆ ಹೊರಟಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ದುಡ್ಡು ಕಟ್ಟಿ. ನಾವು ಮೊದಲು ಕಟ್ಟಿ ಆಮೇಲೆ ಓದಿದವರು.

ನಾವಿರುವುದು ಡಲ್ಲಾಸ್‌ನಲ್ಲಿ. 2025ರ ಬೇಸಿಗೆಗೆ ಅಪ್ಪ ಅಮ್ಮ ಬಂದಿದ್ದರು. ಅಪ್ಪ ಚನ್ನರಾಯಪಟ್ಟಣದ ಕಡೆಯ ರೈತ. ಹಳ್ಳಿಕಾರ್ ಜೋಡಿ ಕಟ್ಟಿದವರು, ಬೂಕನಬೆಟ್ಟದ ದನಗಳ ಜಾತ್ರೆ ತಪ್ಪಿಸಿದವರಲ್ಲ. ಮಾಲ್‌ಗೆ ಕರೆದುಕೊಂಡು ಹೋದರೆ ಬೆಂಚು ಹುಡುಕಿ ಕೂತುಬಿಡುತ್ತಿದ್ದರು. ಮೂರನೇ ದಿನ ಬಾಯಿ ಬಿಟ್ಟರು: "ಈ ದೇಶದಾಗೆ ಕುದ್ರೆ ಮ್ಯಾಲೆ ಕೂತ್ಕಂಡು ದನ ಹೊಡೀತಾರಂತಲ್ಲ, ಅವರ್ನ ತೋರ್ಸ್ಲಾ." ಜೀವಮಾನದಲ್ಲಿ ಅಪ್ಪ ನನ್ನನ್ನು ಬಾಯಿಬಿಟ್ಟು ಕೇಳಿದ್ದು ಬಹುಶಃ ಅದೊಂದೇ.

ಅದೇ ವಾರ ವಾಟ್ಸಾಪ್ ಗುಂಪಿನಲ್ಲಿ ಒಂದು ಜಾಹೀರಾತು ಬಂತು. ಐದು ದಿನ, ಎರಡು ನ್ಯಾಷನಲ್ ಪಾರ್ಕ್ (ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟನ್), ಜೊತೆಗೆ ಕೌಬಾಯ್ ಪರಂಪರೆ. ಕಳಿಸಿದವರು ನಮ್ಮ ದೇಶದವರೇ, ಪ್ರವಾಸ ಹೊಂದಿಸಿಕೊಡುವ ಸಣ್ಣ ವ್ಯವಹಾರ. ಹೆಸರು ಬರೆಯುವುದಿಲ್ಲ, ಕೇಳಬೇಡಿ. ವಿಮಾನ ಬಿಟ್ಟು ಐದು ಜನಕ್ಕೆ 4,200 ಡಾಲರ್. ವೇಳಾಪಟ್ಟಿಯ ನಾಲ್ಕನೇ ದಿನದ ಮುಂದೆ "ಕೋಡಿಯಲ್ಲಿ ರೋಡಿಯೋ ಸಂಜೆ" ಅಂತ ದಪ್ಪಕ್ಷರದಲ್ಲಿತ್ತು. ಕೋಡಿ ಅನ್ನುವುದು ಯೆಲ್ಲೋಸ್ಟೋನ್ ಪೂರ್ವಕ್ಕಿರುವ ಊರು. ಕೌಬಾಯ್‌ಗಳು ಗುಟುರು ಹಾಕುವ ಗೂಳಿಯ ಮೇಲೆ, ಪಳಗದ ಕುದುರೆಯ ಮೇಲೆ ಎಂಟು ಸೆಕೆಂಡ್ ಕೂತು ತೋರಿಸುವ ಪಂದ್ಯವೇ ರೋಡಿಯೋ. ಅಷ್ಟು ಓದಿ ನಾನು ಕಾರ್ಡ್ ನಂಬರ್ ಹೊಡೆದೆ. ತಾರೀಖು ಮೇ 17ರಿಂದ 21.

ಸಾಲ್ಟ್ ಲೇಕ್ ಸಿಟಿಗೆ ಹಾರಿ, ಬಾಡಿಗೆ ವ್ಯಾನ್ ತಗೊಂಡು ಐದು ಗಂಟೆ ಓಡಿಸಿ ಜಾಕ್ಸನ್ ಸೇರಿದೆವು. ಊರ ನಡುವಿನ ಚೌಕದ ನಾಲ್ಕು ಮೂಲೆಗೂ ಕಡವೆಯಂಥ ಎಲ್ಕ್ ಪ್ರಾಣಿಯ ಉದುರಿದ ಕೊಂಬುಗಳಿಂದ ಕಟ್ಟಿದ ಕಮಾನು. ಅಲ್ಲೇ ರಸ್ತೆಯಲ್ಲಿ ಕೌಬಾಯ್ ವೇಷದವರ ಗುಂಡಿನ ಕಾಳಗದ ಪ್ರಹಸನ ಇದೆಯೆಂದು ನಮ್ಮ ಹಾಳೆ ಹೇಳುತ್ತಿತ್ತು. ಅದು ಶುರುವಾಗುವುದು ಮೇ ಕೊನೆಯ ಮೆಮೋರಿಯಲ್ ಡೇ ಹೊತ್ತಿಗೆ ಅಂತ ಅಂಗಡಿಯ ಹುಡುಗಿ ಹೇಳಿದಳು. ಹೋಗಲಿ ಬಿಡು ಅಂದುಕೊಂಡೆ. ಅಂದು ರಾತ್ರಿ ಅಮ್ಮ ರೂಮಿನಲ್ಲಿ ರೈಸ್ ಕುಕ್ಕರ್ ಇಟ್ಟರು. ಊರು 6,200 ಅಡಿ ಎತ್ತರದಲ್ಲಿದೆ, ನೀರು ಬೇಗ ಕುದಿಯುತ್ತದೆ, ಆದರೆ ಆ ಬಿಸಿ ಅಕ್ಕಿಗೆ ಸಾಲುವುದಿಲ್ಲ. ಅನ್ನದ ಅಗುಳು ಒಳಗೆ ನುಚ್ಚಿನ ಹಾಗೆ ಕಚ್ಚುತ್ತಿತ್ತು. ಚಟ್ನಿಪುಡಿ ಎಣ್ಣೆ ಕಲಸಿ ನುಂಗಿದೆವು. ಅಲ್ಲಿಗೆ ಹೋಗೋರು ಅಕ್ಕಿ ನೆನೆಹಾಕಿ, ನೀರು ಜಾಸ್ತಿ ಇಡಿ.

ಮಾರನೇ ದಿನ ಗೇಟಿನಲ್ಲಿ ಮೊದಲ ಏಟು. ಪ್ಯಾಕೇಜ್ ಬಿಲ್ಲಿನಲ್ಲಿ "ಪಾರ್ಕ್ ಪ್ರವೇಶ, ನಾಲ್ಕು ದೊಡ್ಡವರು, 280 ಡಾಲರ್" ಅಂತಿತ್ತು. ಆದರೆ ಅಲ್ಲಿ ಆಗ ಹಣ ತಲೆಗಲ್ಲ, ಗಾಡಿಗೆ. ಒಂದು ಪಾರ್ಕಿಗೆ ಗಾಡಿಗೆ 35 ಡಾಲರ್, ಏಳು ದಿನಕ್ಕೆ. ವರ್ಷದ ಪಾಸ್ 80. ಆಯೋಜಕರು ಕಳಿಸಿದ ಕಾಗದ ನೋಡಿ ರೇಂಜರ್ ಹೆಂಗಸು ತಲೆ ಅಲ್ಲಾಡಿಸಿದರು, ಅದು ಅವರಿಗೆ ಸಂಬಂಧವೇ ಇಲ್ಲದ್ದು. ನಾನೇ 80 ಕೊಟ್ಟು ಪಾಸ್ ಮಾಡಿಸಿದೆ. 2026ರ ಜನವರಿಯಿಂದ ಲೆಕ್ಕ ಬದಲಾಗಿದೆ: ಇಲ್ಲಿನ ನಿವಾಸಿಗಳಿಗೆ ವರ್ಷದ ಪಾಸ್ 80, ಹೊರದೇಶದವರಿಗೆ 250. ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟನ್ ಸೇರಿ 11 ಪಾರ್ಕುಗಳಲ್ಲಿ ವಾರ್ಷಿಕ ಪಾಸ್ ಇಲ್ಲದ ವಿದೇಶಿಗರಿಗೆ 16 ತುಂಬಿದ ಪ್ರತಿ ತಲೆಗೆ 100 ಡಾಲರ್ ಹೆಚ್ಚುವರಿ. ವೀಸಿಟರ್ ವೀಸಾದಲ್ಲಿ ಬಂದ ನಮ್ಮ ಹಿರಿಯರಿಗೆ ನೇರ ತಾಗುವ ವಿಷಯ. ಇದನ್ನು ಏಜೆಂಟನ ಬಾಯಲ್ಲಿ ಕೇಳಬೇಡಿ, ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸೈಟಿನಲ್ಲೇ ಓದಿ.

ಓಲ್ಡ್ ಫೇಯ್ತ್‌ಫುಲ್ ಬುಗ್ಗೆ ಚಿಮ್ಮಿದ್ದನ್ನು ಎಲ್ಲರೂ ನೋಡಿದೆವು. ಅಮ್ಮ ಕೈ ಮುಗಿದರು. ಅಷ್ಟರಲ್ಲಿ ಸಂಜೆಯಾಗಿತ್ತು, "ಯೆಲ್ಲೋಸ್ಟೋನ್ ಹತ್ತಿರದ ಲಾಡ್ಜ್" ವಿಳಾಸ ಹಾಕಿದರೆ ಮ್ಯಾಪ್ ನಮ್ಮನ್ನು ಪಶ್ಚಿಮದ ಗೇಟು ದಾಟಿಸಿ, ಮಾಂಟಾನಾ ದಾಟಿಸಿ, ಐಡಾಹೊದ ರೆಕ್ಸ್‌ಬರ್ಗ್‌ಗೆ ತಂದಿತು. ಗೇಟಿನಿಂದ 80 ಮೈಲಿ. ಹತ್ತಿರ ಅಂದರೆ ಹಾಸನದಲ್ಲಿ ರೂಮ್ ಮಾಡಿ ಮೈಸೂರು ದಸರಾ ನೋಡಿ ಅಂದ ಹಾಗೆ. ಯೆಲ್ಲೋಸ್ಟೋನ್ ಒಂದೇ ಸುಮಾರು 9,000 ಚದರ ಕಿಲೋಮೀಟರ್, ಇಡೀ ಹಾಸನ ಜಿಲ್ಲೆಗಿಂತ ದೊಡ್ಡದು. ಒಳಗಿನ ರಸ್ತೆಯಲ್ಲಿ ಗಂಟೆಗೆ 45 ಮೈಲಿ ಮಿತಿ, ಕಾಡುಕೋಣದಂಥ ಬೈಸನ್ ಅಡ್ಡ ನಿಂತರೆ ಸೊನ್ನೆ. ಫೋನ್ ಸಿಗ್ನಲ್ ಬಹುತೇಕ ಕಡೆ ಇಲ್ಲ.

ಮೂರನೇ ದಿನ ಬೆಳಿಗ್ಗೆ ಐದಕ್ಕೆದ್ದು, ಮಲಗಿದ್ದ ಮಗಳನ್ನು ಎತ್ತಿಕೊಂಡು, ಅದೇ 80 ಮೈಲಿ ವಾಪಸ್. ಹಾಳೆಯ ಪ್ರಕಾರ ಕ್ಯಾನ್ಯನ್‌ನಿಂದ ಡನ್‌ರೇವನ್ ಕಣಿವೆದಾರಿ ಹತ್ತಿ, ಲಾಮಾರ್ ಕಣಿವೆಯಲ್ಲಿ ತೋಳ ನೋಡಿ, ಬೇರ್‌ಟೂತ್ ಹೆದ್ದಾರಿಯ ತುದಿ ಮುಟ್ಟಿ ಕೋಡಿಗೆ ಇಳಿಯಬೇಕು. ಕ್ಯಾನ್ಯನ್ ಜಂಕ್ಷನ್ ದಾಟುತ್ತಲೇ ರಸ್ತೆಗೆ ಅಡ್ಡ ಕಬ್ಬಿಣದ ಗೇಟು, ಆಚೆ ಹಿಮ. ಡನ್‌ರೇವನ್ ಸಾಮಾನ್ಯವಾಗಿ ತೆರೆಯುವುದು ಮೆಮೋರಿಯಲ್ ಡೇಗೆ ಮುಂಚಿನ ಶುಕ್ರವಾರ. 10,947 ಅಡಿ ಏರುವ ಬೇರ್‌ಟೂತ್ ಕೂಡ ಅದೇ ವಾರಾಂತ್ಯ. ನಾವು ಹೋಗಿದ್ದು ಅದಕ್ಕೆ ನಾಲ್ಕು ದಿನ ಮುಂಚೆ. ಇದೇನೂ ಗುಟ್ಟಲ್ಲ, ಯಾವ ರಸ್ತೆ ಯಾವಾಗ ತೆರೆಯುತ್ತದೆ ಅಂತ ಪಾರ್ಕಿನವರು ಪ್ರತಿ ವರ್ಷ ಪಟ್ಟಿ ಹಾಕುತ್ತಾರೆ. ನಮ್ಮ ಆಯೋಜಕರು ನಕ್ಷೆ ನೋಡಿ ಗೆರೆ ಎಳೆದಿದ್ದರು, ಕ್ಯಾಲೆಂಡರ್ ನೋಡಿರಲಿಲ್ಲ. ನಾನು ಎರಡನ್ನೂ ನೋಡಿರಲಿಲ್ಲ.

ಪೂರ್ವದ ಗೇಟಿನ ದಾರಿ ತೆರೆದಿತ್ತು, ಬದುಕಿದೆವು. ಆ ದಾರಿಗೆ ಹೋಗುವಾಗ ಹೇಡನ್ ಕಣಿವೆಯಲ್ಲಿ ಬೈಸನ್ ಹಿಂಡು ಸಿಕ್ಕಿತು. ಮೇ ತಿಂಗಳು ಕರು ಹಾಕುವ ಕಾಲ, ಕರುಗಳು ಇಟ್ಟಿಗೆ ಬಣ್ಣ. ಅಪ್ಪ ಬಾಗಿಲ ಹಿಡಿ ಮೇಲೆ ಕೈಯಿಟ್ಟರು, ಇಳಿದು ಕರುವಿನ ಕತ್ತು ತುರಿಸಿಯೇ ಬಿಡುವವರ ಹಾಗೆ. ನಾನು ಕೂಗಿ ತಡೆದೆ. ಬೈಸನ್‌ಗೆ 25 ಗಜ, ಕರಡಿ ತೋಳಗಳಿಗೆ 100 ಗಜ ದೂರ ಇರಬೇಕೆಂಬುದು ಕಾನೂನು. 2023ರಲ್ಲಿ ಒಬ್ಬಾತ ಕರು ಮುಟ್ಟಿದ, ಹಿಂಡು ಅದನ್ನು ಸೇರಿಸಲಿಲ್ಲ, ಕೊನೆಗೆ ಪಾರ್ಕಿನವರೇ ಅದನ್ನು ಕೊಲ್ಲಬೇಕಾಯಿತು. ಇದನ್ನು ಹೇಳಿದ ಮೇಲೆ ಅಪ್ಪ ಕೈ ತೆಗೆದು ತೊಡೆ ಮೇಲಿಟ್ಟುಕೊಂಡರು, ಆದರೆ ಹಿಂಡು ಮರೆಯಾಗುವವರೆಗೂ ಕತ್ತು ತಿರುಗಿಸಲಿಲ್ಲ.

ಕೋಡಿ ಊರನ್ನು ಕಟ್ಟಿಸಿದ್ದು 'ಬಫಲೋ ಬಿಲ್' ಎಂದು ಹೆಸರಾದ ವಿಲಿಯಂ ಕೋಡಿ, 1896ರಲ್ಲಿ. ಕೌಬಾಯ್ ಬದುಕನ್ನು ದೊಡ್ಡ ಪ್ರದರ್ಶನ ಮಾಡಿ 1883ರಿಂದ ಊರೂರು ತಿರುಗಿಸಿದವನು. ಮಗಳ ಹೆಸರಲ್ಲಿ ಕಟ್ಟಿಸಿದ ಇರ್ಮಾ ಹೋಟೆಲ್ ಇನ್ನೂ ಇದೆ. ಒಂದೇ ಸೂರಿನ ಕೆಳಗೆ ಐದು ಮ್ಯೂಸಿಯಂ ಇರುವ ಬಫಲೋ ಬಿಲ್ ಸೆಂಟರ್ ನಮ್ಮ ಪ್ರವಾಸದ ಒಂದೇ ಒಂದು ಸಂತೋಷ. ಅದರ ಟಿಕೆಟ್ ಎರಡು ದಿನ ನಡೆಯುತ್ತದೆ, ಒಂದು ದಿನದಲ್ಲಿ ಮುಗಿಸಲು ಹೋಗಬೇಡಿ. ದನಗಳಿಗೆ ಗುರುತು ಸುಡುವ ಕಬ್ಬಿಣ ನೋಡಿ ಅಪ್ಪ ನಿಂತುಬಿಟ್ಟರು. "ನಮ್ಮಲ್ಲಿ ಕಾಯ್ಲೆ ಆದ್ರೆ ಬರೆ ಹಾಕ್ತಿದ್ವು. ಇವ್ರು ಕಳ್ಳರಿಗೆ ಹೆದರ್ಕಂಡು ಹಾಕವ್ರೆ."

ಸಂಜೆ ಏಳಕ್ಕೆ ಅಪ್ಪ ಪಂಚೆ ಬಿಟ್ಟು ಪ್ಯಾಂಟ್ ಹಾಕಿಕೊಂಡು ತಯಾರು. ರೋಡಿಯೋ ಮೈದಾನದ ಪಾರ್ಕಿಂಗ್‌ನಲ್ಲಿ ನಮ್ಮದು ಬಿಟ್ಟರೆ ಇನ್ನೊಂದು ಗಾಡಿಯಿಲ್ಲ. ಗೇಟಿಗೆ ಸರಪಳಿ, ಸರಪಳಿಗೆ ಬೀಗ. ಪಕ್ಕದ ಫಲಕದಲ್ಲಿ ಬರೆದಿತ್ತು: ಜೂನ್ 1ರಿಂದ ಆಗಸ್ಟ್ 31ರವರೆಗೆ ಪ್ರತಿ ರಾತ್ರಿ. ಅಂದು ಮೇ 20.

"ಯಾಕ್ಲಾ, ಬಾಗ್ಲು ಹಾಕವ್ರೆ?"

ಏನು ಹೇಳಲಿ. ಅಪ್ಪ ಜಾಲರಿಗೆ ಮುಖ ಒತ್ತಿ ಒಳಗಿನ ಖಾಲಿ ಅಖಾಡ ನೋಡುತ್ತಾ ನಿಂತರು. ಗೂಳಿ ಬಿಡುವ ಗೂಡುಗಳ ಬಾಗಿಲು ಗಾಳಿಗೆ ಟಪಟಪ ಬಡಿಯುತ್ತಿತ್ತು. "ಮಣ್ಣು ಚೆನ್ನಾಗ್ ಹದ ಮಾಡವ್ರೆ," ಅಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಅಂತ ಗೊತ್ತಾಗಿ ಇನ್ನಷ್ಟು ಹೊಟ್ಟೆ ಉರಿಯಿತು.

ಆಯೋಜಕರಿಗೆ ಫೋನ್ ಹಚ್ಚಿದೆ. ಮೊದಲು "ನೆಟ್‌ವರ್ಕ್ ಇಲ್ಲ", ಆಮೇಲೆ "ನೋಡ್ತೀನಿ ಸರ್". ಮಾರನೇ ದಿನ ಎಂಟು ಗಂಟೆ ಓಡಿಸಿ ಸಾಲ್ಟ್ ಲೇಕ್ ಸೇರುವಾಗ ಉತ್ತರ ಬಂತು: ರೋಡಿಯೋ ವೋಚರ್ ಬೇಸಿಗೆ ಪೂರ್ತಿ ಚಾಲ್ತಿಯಲ್ಲಿದೆ, ಇನ್ನೊಮ್ಮೆ ಹೋದಾಗ ಬಳಸಿ. ಪಾರ್ಕ್ ಶುಲ್ಕಕ್ಕೆ ರಸೀದಿ ಕೇಳಿದೆ, ಸಿಗಲಿಲ್ಲ. ಹದಿನೈದು ದಿನ ಜಗ್ಗಾಡಿದ ಮೇಲೆ ಕೊಟ್ಟಿದ್ದು 180 ಡಾಲರ್‌ನ ಕೂಪನ್, ಅದೂ ನವೆಂಬರ್‌ನಿಂದ ಮಾರ್ಚ್‌ವರೆಗಿನ ಪ್ರವಾಸಕ್ಕೆ ಮಾತ್ರ. ಆಗ ಯೆಲ್ಲೋಸ್ಟೋನ್‌ನ ಹೆಚ್ಚಿನ ರಸ್ತೆಗಳಿಗೆ ಕಾರು ಬಿಡುವುದೇ ಇಲ್ಲ. ಬ್ಯಾಂಕಿನವರ ಹತ್ತಿರ ದೂರು ಕೊಟ್ಟರೆ, ಹಣ ವಾಪಸ್ ಇಲ್ಲ ಅನ್ನುವ ಷರತ್ತಿಗೆ ನೀವೇ ಒಪ್ಪಿದ್ದೀರಲ್ಲ ಅಂದರು. ಒಪ್ಪಿದ್ದೆ. ಹದಿನಾಲ್ಕನೇ ಪುಟದಲ್ಲಿತ್ತು.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು. ಅವರ ಹಾಳೆಯ ಪ್ರತಿ ಸಾಲಿನ ಮುಂದೆ ಆ ಜಾಗದ ಸ್ವಂತ ಸೈಟ್ ತೆರೆದು ತಾರೀಖು ಬರೆದುಕೊಳ್ಳಿ, ಅರ್ಧ ಗಂಟೆಯ ಕೆಲಸ. ರಾತ್ರಿ ಉಳಿಯುವ ಜಾಗದ ಪೂರ್ತಿ ವಿಳಾಸ ದುಡ್ಡು ಕಟ್ಟುವ ಮೊದಲೇ ಇಸ್ಕೊಳ್ಳಿ, "ಹತ್ತಿರ" ಅಂದರೆ ಬಿಡಬೇಡಿ. ವಯಸ್ಸಾದವರಿದ್ದರೆ ಒಂದೇ ಊರಲ್ಲಿ ಎರಡು ರಾತ್ರಿಯಾದರೂ ಇರಿ. ಪ್ರವೇಶ, ಟಿಕೆಟ್ ನೀವೇ ನೇರ ಮಾಡಿ. ಕೌಬಾಯ್ ನೋಡುವ ಆಸೆಯಿದ್ದರೆ ಜೂನ್‌ಗೆ ಮುಂಚೆ ಕೋಡಿಗೆ ಹೋಗಲೇಬೇಡಿ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ. ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಫೋರ್ಟ್ ವರ್ತ್ ಸ್ಟಾಕ್‌ಯಾರ್ಡ್ಸ್‌ನಲ್ಲಿ ದಿನಕ್ಕೆರಡು ಸಲ, ಬೆಳಿಗ್ಗೆ ಹನ್ನೊಂದೂವರೆಗೆ ಮತ್ತು ಸಂಜೆ ನಾಲ್ಕಕ್ಕೆ, ಕೌಬಾಯ್‌ಗಳು ಲಾಂಗ್‌ಹಾರ್ನ್ ದನಗಳನ್ನು ಬೀದಿಯಲ್ಲಿ ಹೊಡೆದುಕೊಂಡು ಹೋಗುತ್ತಾರೆ. ಆರು ವರ್ಷ ಡಲ್ಲಾಸ್‌ನಲ್ಲಿದ್ದು ನಾನು ಒಮ್ಮೆಯೂ ಹೋಗಿರಲಿಲ್ಲ. ಜೂನ್‌ನ ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಹೋದೆ. ಕುದುರೆ ಮೇಲಿನವರು ಮುಂದೆ, ಇಟ್ಟಿಗೆ ರಸ್ತೆ ಮೇಲೆ ಗೊರಸಿನ ಸದ್ದು, ಅಪ್ಪನ ಕಣ್ಣು ಕೊಂಬುಗಳ ಮೇಲೆ. "ನಮ್ ಹಳ್ಳಿಕಾರ್‌ಗೆ ಹಿಂದಕ್ಕೆ ಹೋಯ್ತವೆ, ಇವಕ್ಕೆ ಪಕ್ಕಕ್ಕೆ. ಕೊಟ್ಟಿಗೇಲಿ ಎರಡು ಕಟ್ಟಾಕಾಗಲ್ಲ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಇದಕ್ಕೆಷ್ಟು ಕೊಟ್ಟೆ?"

"ಏನಿಲ್ಲ ಅಪ್ಪ. ಪುಕ್ಕಟೆ."

ಅಪ್ಪ ಏನೂ ಹೇಳಲಿಲ್ಲ. ಸುಮ್ಮನೆ ನನ್ನನ್ನೇ ನೋಡಿದರು.