ಚೆಂಡಿಲ್ಲದ ಕಡೆ ನೋಡುವುದಕ್ಕೆ: ಕಂಠೀರವದಲ್ಲಿ ಎರಡು ಸೀಸನ್ ಬಳಸಿದ 8×42 ದುರ್ಬೀನು

2023ರ ಮಾರ್ಚ್ 3ರ ರಾತ್ರಿ ನಾನೂ ಮಗಳೂ ಕಂಠೀರವ ಸ್ಟೇಡಿಯಂನಲ್ಲೇ ಇದ್ದೆವು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲಿನ ನಾಕೌಟ್ ಪಂದ್ಯ, ಬೆಂಗಳೂರು ಎಫ್‌ಸಿಗೆ ಎದುರು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಮುಗಿದರೂ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್‌ನಲ್ಲಿ, 96ನೇ ನಿಮಿಷಕ್ಕೆ, ನಮಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಚೆಂಡಿಗೆ ಅಡ್ಡವಾಗಿ ಸಾಲಾಗಿ ನಿಂತು ಗೋಡೆ ಕಟ್ಟಲು ಓಡಾಡುತ್ತಿದ್ದರು. ನಾನು ಆ ಗೋಡೆಯನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ನಮ್ಮ ಬೆಂಗಳೂರಿನ ಸುನಿಲ್ ಛೆಟ್ರಿ ಚೆಂಡನ್ನು ಎತ್ತಿ ಹಾಕಿಬಿಟ್ಟರು. ಬಲೆ ಅಲುಗಾಡಿತು. ನಮ್ಮ ಸಾಲಿನಲ್ಲಿ ಅರ್ಧ ಜನ "ಏನಾಯ್ತು, ಏನಾಯ್ತು" ಅಂತ ಕೇಳುತ್ತಿದ್ದರು. ಆಮೇಲೆ, ನಾವಿನ್ನೂ ಸಿದ್ಧರಾಗಿರಲಿಲ್ಲ ಅಂತ ಸಿಟ್ಟಾಗಿ, ಕೇರಳದ ಕೋಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದದ್ದು ಎಲ್ಲರಿಗೂ ಗೊತ್ತು.

ಮನೆಗೆ ಬರುವಾಗ ಮಗಳು ಕೇಳಿದಳು, "ಅಮ್ಮಾ, ಛೆಟ್ರಿ ಅಣ್ಣ ಒದೆಯೋದಕ್ಕೆ ಮುಂಚೆ ಏನ್ ನೋಡ್ತಿದ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಅವರನ್ನು ನೋಡಿರಲೇ ಇಲ್ಲ. ಅವಳು ಸ್ಕೂಲ್ ಟೀಮಿನಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್ ಆಗಿ ಆಡುತ್ತಾಳೆ. ಚೆಂಡು ಹತ್ತಿರ ಇಲ್ಲದಾಗ ಆಟಗಾರರು ಏನು ಮಾಡುತ್ತಾರೆ ಅನ್ನುವುದೇ ಅವಳ ಯಾವಾಗಿನ ಪ್ರಶ್ನೆ. ಟಿವಿಯಲ್ಲಿ ಅದು ಕಾಣುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತದೆ. ಸ್ಟೇಡಿಯಂಗೆ ಹೋದರೂ ನಮ್ಮ ಕಣ್ಣು ಮಾಡುವುದು ಅದನ್ನೇ ಅಲ್ವಾ? ಅದಕ್ಕೇ ಮುಂದಿನ ಸೀಸನ್ ಶುರುವಾಗುವ ಮುಂಚೆ ದುರ್ಬೀನು ಕೊಂಡೆ.

ಮೊದಲು ಹೋದ ಅಂಗಡಿಯವರು 20×50 ಕೈಗಿಟ್ಟರು. "ಜಾಸ್ತಿ ಪವರ್ ಮೇಡಂ, ಇದೇ ತಗೊಳ್ಳಿ" ಅಂದರು. ಅಂಗಡಿಯ ಬಾಗಿಲಲ್ಲೇ ನಿಂತು ಎದುರಿನ ಬೋರ್ಡ್ ನೋಡಿದೆ. ಅಕ್ಷರ ದೊಡ್ಡದಾಗಿ ಕಂಡಿತು ನಿಜ, ಆದರೆ ಕುಣಿಯುತ್ತಿತ್ತು. ಪವರ್ ಹೆಚ್ಚಾದಷ್ಟೂ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ, ಕಾಣುವ ಜಾಗವೂ ಚಿಕ್ಕದಾಗುತ್ತದೆ. ಅಂಥದ್ದರಲ್ಲಿ 100 ಮೀಟರ್ ದೂರಕ್ಕೆ 5-6 ಮೀಟರ್ ಅಗಲ ಕಂಡರೆ ಹೆಚ್ಚು. ಗೋಲಿನ ಅಗಲವೇ 7.32 ಮೀಟರ್. ಎರಡು ಕಂಬ ಒಟ್ಟಿಗೆ ಕಾಣದಿದ್ದರೆ ಏನು ಪ್ರಯೋಜನ?

ಹಕ್ಕಿ ನೋಡಲು ಹೋಗುವ ನನ್ನ ಸಹೋದ್ಯೋಗಿಯೊಬ್ಬರು 8×42 ಹೇಳಿದರು. 8 ಅಂದರೆ ಎಂಟು ಪಟ್ಟು ಹತ್ತಿರ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ ಸುಮಾರು 5 ಮಿಲಿಮೀಟರ್, ಅಷ್ಟು ಅಗಲದ ಬೆಳಕು ಕಣ್ಣಿಗೆ ಬರುತ್ತದೆ. ನಮ್ಮ ಪಂದ್ಯಗಳೆಲ್ಲ ಬಹುಪಾಲು ರಾತ್ರಿಯವು. ಮಂಕಾಗಿ ಕಾಣಬಾರದು ಅಂದರೆ ಈ ಲೆಕ್ಕ ನೋಡಲೇಬೇಕು. ಜೇಬಿಗೆ ಹೋಗುವ 10×25 ಬರೀ ಎರಡೂವರೆ ಮಿಲಿಮೀಟರ್ ಕೊಡುತ್ತದೆ. ನನ್ನದರ ಡಬ್ಬಿಯ ಮೇಲೆ 1000 ಮೀಟರಿಗೆ 140 ಮೀಟರ್ ಅಂತ ಬರೆದಿದೆ. ಅಂದರೆ 100 ಮೀಟರ್ ದೂರದಲ್ಲಿ 14 ಮೀಟರ್ ಅಗಲದ ಒಂದು ವೃತ್ತ. ಗೋಲ್‌ಕೀಪರ್ ಮತ್ತು ಅವರ ಮುಂದಿನ ಇಬ್ಬರು ಡಿಫೆಂಡರ್‌ಗಳು ಅದರಲ್ಲಿ ಹಿಡಿಯುತ್ತಾರೆ. ಬೆಲೆ ಒಂಬತ್ತು ಸಾವಿರದ ಹತ್ತಿರ ಬಿತ್ತು.

ಕಂಠೀರವದಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಹಾಗಾಗಿ ಯಾವ ಸ್ಟ್ಯಾಂಡಿನಲ್ಲಿ ಕೂತರೂ ಆಟ ಸ್ವಲ್ಪ ದೂರವೇ. ಇಂಥ ಕಡೆ ಈ ದುರ್ಬೀನಿಗೆ ಕೆಲಸ ಚೆನ್ನಾಗಿ ಸಿಗುತ್ತದೆ.

ಮೊದಲ ಪಂದ್ಯದಲ್ಲಿ ತಪ್ಪು ಮಾಡಿದೆ. ದುರ್ಬೀನಿನಲ್ಲಿ ಚೆಂಡಿನ ಹಿಂದೆ ಹೋದೆ. ಒಂದು ಉದ್ದದ ಪಾಸ್ ಬಿದ್ದರೆ ಸಾಕು, ಬರೀ ಹುಲ್ಲು ಕಾಣುತ್ತದೆ. ಹತ್ತು ನಿಮಿಷಕ್ಕೆ ತಲೆ ಸುತ್ತಿತು. ಚೆಂಡು ನೋಡಲು ಬರಿಗಣ್ಣೇ ಸರಿ. ದುರ್ಬೀನು ಬೇಕಾಗುವುದು ಚೆಂಡಿಲ್ಲದ ಒಬ್ಬ ಆಟಗಾರನ ಮೇಲೆ ಎರಡು ಮೂರು ನಿಮಿಷ ಇಟ್ಟು ಸುಮ್ನೆ ನೋಡುವುದಕ್ಕೆ.

ಹಾಗೆ ನೋಡಿದಾಗ ಏನೆಲ್ಲ ಕಂಡಿತು! ನಾವು ದಾಳಿ ಮಾಡುವಾಗ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಗೋಲಿನಲ್ಲಿ ನಿಂತಿರುವುದೇ ಇಲ್ಲ, ಪೆನಾಲ್ಟಿ ಬಾಕ್ಸಿನ ಅಂಚಿಗೆ ಬಂದುಬಿಡುತ್ತಾರೆ. ಎರಡೂ ಕೈ ಬೀಸಿ ಡಿಫೆಂಡರ್‌ಗಳನ್ನು ಎಡಕ್ಕೆ, ಬಲಕ್ಕೆ ತಳ್ಳಿದ ಹಾಗೆ ಮಾಡುತ್ತಾರೆ. ಛೆಟ್ರಿ ಅವರನ್ನು ನೋಡಿ. ಹೆಚ್ಚು ಹೊತ್ತು ಅವರು ನಡೆಯುತ್ತಲೇ ಇರುತ್ತಾರೆ. ನಡೆಯುತ್ತಾ ಬಲ ಭುಜದ ಮೇಲಿಂದ ಒಮ್ಮೆ, ಎಡ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾರೆ. ಡಿಫೆಂಡರ್ ಚೆಂಡಿನ ಕಡೆ ತಿರುಗಿದ ಕ್ಷಣವೇ ಅವನ ಬೆನ್ನ ಹಿಂದೆ ಎರಡು ಹೆಜ್ಜೆ ಸರಿಯುತ್ತಾರೆ. ಅವನು ತಿರುಗಿ ನೋಡಿದಾಗ ಅವರು ಇದ್ದ ಜಾಗದಲ್ಲಿ ಇಲ್ಲ. 2024ರ ಡಿಸೆಂಬರ್ 7ರಂದು ಇದೇ ಮೈದಾನದಲ್ಲಿ ಕೇರಳದ ಮೇಲೆ 4-2 ಗೆದ್ದಾಗ, 40 ದಾಟಿದ ಅವರು ಹ್ಯಾಟ್ರಿಕ್ ಹೊಡೆದರು. ಆ ವಯಸ್ಸಿನಲ್ಲಿ ಅದು ಹೇಗೆ ಸಾಧ್ಯ ಅಂತ ಸುತ್ತಲಿನವರು ಆಶ್ಚರ್ಯಪಟ್ಟರು. ನಾನು ಅವರ ನಡಿಗೆಯನ್ನು ಒಂದೂಕಾಲು ಸೀಸನ್ ನೋಡಿದ್ದೆ. ನನಗೆ ಸಂತೋಷವಾಯಿತು, ಆಶ್ಚರ್ಯವಾಗಲಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಫ್ರೀ ಕಿಕ್, ಕಾರ್ನರ್ ಇದ್ದಾಗ ದುರ್ಬೀನು ಕೆಳಗಿಡಿ. ಆ ಮಾರ್ಚ್ ರಾತ್ರಿ ನನ್ನ ಕೈಯಲ್ಲಿ ಇದು ಇದ್ದು ಗೋಡೆಯ ಮೇಲೆ ಇಟ್ಟಿದ್ದರೆ ಬಲೆ ಅಲುಗಾಡಿದ್ದೂ ಕಾಣುತ್ತಿರಲಿಲ್ಲ. ಕಾರ್ನರ್ ಒದೆಯುವ ಮುಂಚಿನ ಅರ್ಧ ನಿಮಿಷ ಅಂಗಿ ಎಳೆಯುವುದು, ಜಾಗಕ್ಕೆ ತಳ್ಳಾಡುವುದು ಎಲ್ಲ ನೋಡಬಹುದು. ಒದೆಯುವವರು ಕೈ ಎತ್ತಿದ ಕೂಡಲೇ ಬರಿಗಣ್ಣಿಗೆ ಬನ್ನಿ.

ಕೊರತೆ ಇಲ್ಲ ಅಂತಲ್ಲ. ಮುಕ್ಕಾಲು ಕೆ.ಜಿ. ತೂಕ, ಹಾಫ್ ಟೈಮ್ ಹೊತ್ತಿಗೆ ಕತ್ತು ನೋಯುತ್ತದೆ. ಜೊತೆಗೆ ಕೊಟ್ಟ ಪಟ್ಟಿ ತೆಳುವಾದ ನೈಲಾನಿನದು, ಸೆಕೆಗೆ ಚರ್ಮ ಕೆರೆಯುತ್ತದೆ. ಮುಂದಿನ ಗಾಜಿನ ಮುಚ್ಚಳ ಎರಡನೇ ಪಂದ್ಯಕ್ಕೇ ಎಲ್ಲೋ ಬಿದ್ದುಹೋಯಿತು. ಮಳೆಯಲ್ಲಿ ಗಾಜು ಒರೆಸುವುದೇ ಒಂದು ಕೆಲಸ. ನನಗೆ ಕನ್ನಡಕ ಇದೆ, ಕಣ್ಣಿನ ಹತ್ತಿರದ ರಬ್ಬರನ್ನು ಮಡಿಸಿಕೊಂಡರೆ ಮಾತ್ರ ಪೂರ್ತಿ ವೃತ್ತ ಕಾಣುತ್ತದೆ. ಆ ರಬ್ಬರು ಈಗ ಸಡಿಲವಾಗಿದೆ. ಗಾಜಿನ ಬಗ್ಗೆ ದೂರಿಲ್ಲ. ಫ್ಲಡ್‌ಲೈಟಿನಲ್ಲಿ ನೀಲಿ ಅಂಗಿ ನೀಲಿಯಾಗಿಯೇ ಕಾಣುತ್ತದೆ, ಬೆನ್ನಿನ ನಂಬರ್ ಆ ತುದಿಯಿಂದಲೂ ಓದಬಹುದು.

ಈಗ ಮೊದಲ ಅರ್ಧ ಮಗಳ ಸರದಿ, ಎರಡನೇ ಅರ್ಧ ನನ್ನದು. ಅವಳು ನಮ್ಮ ಲೆಫ್ಟ್ ಬ್ಯಾಕನ್ನು ಬಿಟ್ಟು ಬೇರೆ ಯಾರನ್ನೂ ನೋಡುವುದಿಲ್ಲ. ಹೋದ ಸಲ ಅವರು ಎಷ್ಟು ಸಲ ತಲೆ ತಿರುಗಿಸಿ ಹಿಂದೆ ನೋಡಿದರು ಅಂತ ಎಣಿಸುತ್ತಾ ಕೂತಿದ್ದಳು. ಐದು ನಿಮಿಷಕ್ಕೆ 31. "ನಾನು ಮ್ಯಾಚಲ್ಲಿ ಒಂದ್ಸಲಾನೂ ನೋಡಲ್ಲ ಅಮ್ಮಾ" ಅಂದಳು, ಕಣ್ಣಿಂದ ದುರ್ಬೀನು ತೆಗೆಯದೇ. ನಾನು ಅವಳ ಕತ್ತಿನ ಹಿಂದೆ ಪಟ್ಟಿಯ ಕೆಳಗೆ ಕರ್ಚೀಫ್ ಮಡಿಸಿ ಇಟ್ಟೆ.